ಕೂಲೀಸ್ ರೀಲ್, ಮೂರು ಸುತ್ತು: ಅಲುಗುವ ಸ್ವರ, ಅಲುಗದ ಸ್ವರ

(ಉಪನ್ಯಾಸದ ಬರಹ ರೂಪ. ಪಿಟೀಲು ಮತ್ತು ಮರದ ಕೊಳಲಿನಲ್ಲಿ ನುಡಿಸಿ ತೋರಿಸಿದ ಭಾಗಗಳನ್ನು ಇಲ್ಲಿ ಸರಿಗಮದಲ್ಲಿ ಕೊಟ್ಟಿದೆ. ಸ್ವರದ ಹಿಂದೆ ಚುಕ್ಕೆ ಇದ್ದರೆ ಮಂದ್ರ, ಮುಂದೆ ಗೀಟು ಇದ್ದರೆ ತಾರ. ಅಲ್ಪವಿರಾಮ ಎಂದರೆ ಹಿಂದಿನ ಸ್ವರದ ಎಳೆತ.)

ಪಿಟೀಲುಗಾರರೊಬ್ಬರು ರೀಲ್ ಎಂಬ ಐರಿಷ್ ಕುಣಿತದ ಧಾಟಿಯೊಂದನ್ನು ಮೂರು ಸಲ ನುಡಿಸಿ ಮುಂದಿನದಕ್ಕೆ ದಾಟಿದರೆ, ಹೊಸದಾಗಿ ಕೇಳುವವರಿಗೆ ಮೂರೂ ಒಂದೇ. ಧ್ವನಿಮುದ್ರಣವನ್ನು ಅರ್ಧ ವೇಗಕ್ಕೆ ಇಳಿಸಿ ಕೇಳಿ. ಮೊದಲ ಸುತ್ತಿನಲ್ಲಿ ಎಳೆದ ಸ್ವರ ಎರಡನೆಯದರಲ್ಲಿ ಮೂರು ಚೂರಾಗಿರುತ್ತದೆ. ಒಂದು ಕಡೆ ಸ್ವರವೇ ಮಾಯ. ಇನ್ನೊಂದು ಕಡೆ ಎರಡು ಸ್ವರಗಳ ನಡುವೆ ಹೊಸದೊಂದು ನುಸುಳಿದೆ. ಇದನ್ನೆಲ್ಲ 'ಅಲಂಕಾರ' ಎಂದು ಒಂದೇ ಮಾತಿನಲ್ಲಿ ಮುಗಿಸುವುದು ರೂಢಿ. ಆದರೆ ಸೀರೆಗೆ ಜರಿ ಹಚ್ಚಿದಂತೆ ಮೇಲಿಂದ ಅಂಟಿಸಿದ್ದಲ್ಲ ಇದು. ರೀಲಿನ ಪ್ರತಿ ಎಂಟು ಸ್ವರದ ತುಂಡಿನಲ್ಲೂ, ಅಂದರೆ ಪ್ರತಿ ಬಾರ್‌ನಲ್ಲೂ ಕೈ ಹಾಕಬಹುದಾದ ಜಾಗ, ಹಾಕಬಾರದ ಜಾಗ ಎಂದು ಇವೆ. ಕೈ ಹಾಕಬಹುದಾದಲ್ಲಿ ಏನು ಮಾಡಬಹುದು ಎಂಬುದನ್ನು ಬಹುಮಟ್ಟಿಗೆ ಕೈಯಲ್ಲಿರುವ ವಾದ್ಯವೇ ತೀರ್ಮಾನಿಸುತ್ತದೆ.

ಮೊದಲು ಅಳತೆ. ರೀಲ್ ಹದಿನೆಂಟನೆಯ ಶತಮಾನದಲ್ಲಿ ಸ್ಕಾಟ್ಲೆಂಡಿನಿಂದ ಐರ್ಲೆಂಡಿಗೆ ಬಂದ ಕುಣಿತದ ಗತಿ. ಒಂದು ಬಾರ್‌ಗೆ ಎಂಟು ಸ್ವರ, ಕಾಲು ತಟ್ಟುವುದು ಎರಡು ಸಲ. ಎಂಟು ಬಾರ್ ಸೇರಿ ಒಂದು ಭಾಗ. ಸಾಮಾನ್ಯವಾಗಿ ಎರಡು ಭಾಗ, ಒಂದೊಂದೂ ಎರಡೆರಡು ಸಲ. ಹೀಗೆ 32 ಬಾರ್‌ಗೆ ಒಂದು ಸುತ್ತು, ಅಂದರೆ 256 ಸ್ವರದ ಜಾಗ. ನಿಮಿಷಕ್ಕೆ 110 ತಟ್ಟಿನ ವೇಗದಲ್ಲಿ ಒಂದು ಸುತ್ತು ಸುಮಾರು 35 ಸೆಕೆಂಡು, ಒಂದು ಬಾರ್ ಒಂದು ಸೆಕೆಂಡಿಗೆ ತುಸು ಹೆಚ್ಚು, ಒಂದು ಸ್ವರ ಒಂದು ಸೆಕೆಂಡಿನ ಏಳನೆಯ ಒಂದು ಭಾಗ. ಯೋಚಿಸಿ ಬದಲಿಸಲು ಅಲ್ಲಿ ಸಮಯವಿಲ್ಲ. ಬೆರಳಿಗೆ ಮೊದಲೇ ಎರಡು ಮೂರು ದಾರಿ ಗೊತ್ತಿರಬೇಕು.

ಉದಾಹರಣೆಗೆ ಒಂದೇ ರೀಲ್ ಸಾಕು: ಕೂಲೀಸ್ ರೀಲ್. ಗಾಲ್ವೇ ಸೀಮೆಯ ಪೀಟರ್ಸ್‌ವೆಲ್‌ನ ಬಟನ್ ಅಕಾರ್ಡಿಯನ್ ವಾದಕ ಜೋ ಕೂಲಿ (1924–1973) ಅವರ ಹೆಸರಿನಲ್ಲಿ ಓಡಾಡುವ ರೀಲ್ ಇದು. ಸೆಷನ್‌ಗಳಲ್ಲಿ, ಅಂದರೆ ಪಬ್ಬಿನ ಮೇಜಿನ ಸುತ್ತ ಕೂತು ನುಡಿಸುವ ಕೂಟಗಳಲ್ಲಿ, ಹೊಸಬರು ಮೊದಲು ಕಲಿಯುವ ಹತ್ತರಲ್ಲಿ ಒಂದು. ಪಾಶ್ಚಾತ್ಯ ಲೆಕ್ಕದಲ್ಲಿ 'ಇ' ಇದರ ಷಡ್ಜ, ಸ್ವರಗಳು ನಮ್ಮ ಖರಹರಪ್ರಿಯದವು. ಇತರ ರೀಲುಗಳೂ ಹೆಚ್ಚಾಗಿ ಶಂಕರಾಭರಣ, ಹರಿಕಾಂಭೋಜಿ, ಖರಹರಪ್ರಿಯದ ಸ್ವರಗಳಲ್ಲೇ ಇರುತ್ತವೆ, ಕೆಲವು ನಠಭೈರವಿಯಲ್ಲಿ. ಹೋಲಿಕೆ ಸ್ವರಸ್ಥಾನಕ್ಕಷ್ಟೇ. ರಾಗದ ಸಂಚಾರವನ್ನೋ ಗಮಕವನ್ನೋ ಇಲ್ಲಿ ಹುಡುಕಬೇಡಿ.

ಮೊದಲ ಭಾಗ ಹೀಗಿದೆ:

ಸ ಪ ಪ ಮ ಪ , ಸ ಪ | ಪ , ಮ ಪ ನಿ ಪ ಮ ಗ |
ರಿ .ನಿ ಮ .ನಿ ಪ .ನಿ ಮ .ನಿ | ರಿ .ನಿ ಮ .ನಿ ನಿ ಮ ರಿ .ನಿ |
ಸ ಪ ಪ ಮ ಪ , ಸ ಪ | ಪ , ಮ ಪ ನಿ ಸ' ರಿ' ಗ' |
ಮ' ರಿ' ಸ' ಧ ನಿ ಪ ಮ ರಿ | .ನಿ ಸ ರಿ .ನಿ ಸ , , , |

ಹಾಡಿ ನೋಡಿದರೆ ಒಂದು ವಿಷಯ ತಕ್ಷಣ ಕಿವಿಗೆ ಬೀಳುತ್ತದೆ. ಮೊದಲ ಎರಡು ಬಾರ್ ಸ–ಪದ ಮೇಲೆ ನಿಂತಿವೆ. ಮೂರು, ನಾಲ್ಕನೆಯವು ಮಂದ್ರ ನಿಷಾದಕ್ಕೆ ಇಳಿದು ನಿ–ರಿ–ಮ ಎಂಬ ಬೇರೆಯದೇ ನೆಲದ ಮೇಲೆ ನಿಲ್ಲುತ್ತವೆ. ಆಮೇಲೆ ಮತ್ತೆ ಷಡ್ಜ. ಎರಡು ನೆಲಗಳ ನಡುವಿನ ಈ ಜೀಕಾಟವೇ ಈ ರೀಲಿನ ಗುರುತು. ಜತೆಗೆ ಗಿಟಾರೋ ಬುಝೂಕಿ ಎಂಬ ಉದ್ದ ಕತ್ತಿನ ತಂತಿವಾದ್ಯವೋ ಇದ್ದರೆ ಅವರು ಮೂರನೆಯ ಬಾರ್‌ಗೆ ಸರಿಯಾಗಿ 'ಡಿ'ಗೆ, ಅಂದರೆ ಇಲ್ಲಿನ ನಿಷಾದಕ್ಕೆ, ಇಳಿದಿರುತ್ತಾರೆ. ಆಗ ಪಿಟೀಲುಗಾರ ಹೊಸತನಕ್ಕೆಂದು ಆ ಬಾರ್‌ನ ಮೊದಲ ಜಾಗದಲ್ಲಿ ಸ ಹಿಡಿದರೆ, ರೀಲಿನ ಬೆನ್ನೆಲುಬಿಗೇ ಪೆಟ್ಟು. ಅಲ್ಲಿ ರಿ ಇರಲೇಬೇಕು, ಅಥವಾ ನಿ–ರಿ–ಮದಲ್ಲಿ ಒಂದಾದರೂ ಇರಬೇಕು.

ಹೀಗೆ ನೋಡುತ್ತ ಹೋದರೆ ಬಾರ್‌ನ ಎಂಟು ಜಾಗಗಳಲ್ಲಿ ಒಂದನೆಯದು ಮತ್ತು ಐದನೆಯದು ಕಂಬ. ಮೂರು, ಏಳು ಅರೆ ಕಂಬ. ಎರಡು, ನಾಲ್ಕು, ಆರು, ಎಂಟು ತೆರಪು. ಸ್ವರದ ವಿಷಯದಲ್ಲಿ ಇದು ಸರಿ. ಒತ್ತಿನ ವಿಷಯದಲ್ಲಿ ಲೆಕ್ಕ ಬೇರೆ: ಅನೇಕ ಪಿಟೀಲುಗಾರರ ಕಮಾನು ಮೂರು ಮತ್ತು ಏಳರ ಮೇಲೆ ಒರಗುತ್ತದೆ. ಆ ಒತ್ತು ಹೋದರೆ ಸ್ವರಗಳೆಲ್ಲ ಸರಿಯಿದ್ದೂ ರೀಲ್ ಹೊಲಿಗೆ ಯಂತ್ರದ ಹಾಗೆ ಕೇಳುತ್ತದೆ. ಎಂಟೂ ಸ್ವರ ಒಂದೇ ಉದ್ದದವೂ ಅಲ್ಲ. ಜೋಡಿಯ ಮೊದಲನೆಯದು ಕೂದಲೆಳೆಯಷ್ಟು ಉದ್ದ, ಎರಡನೆಯದು ಅಷ್ಟೇ ಗಿಡ್ಡ. ಎಷ್ಟು ಎಂಬುದು ಊರಿಂದ ಊರಿಗೆ ಬೇರೆ, ಯಾವ ಪುಸ್ತಕದಲ್ಲೂ ಬರೆದಿರುವುದಿಲ್ಲ.

ಈಗ ಮೊದಲ ಬಾರ್. ಸ ಪ ಪ ಮ. ಎರಡು ಪಗಳು ಒಂದಕ್ಕೊಂದು ಅಂಟಿವೆ. ಕೊಳಲಿನಲ್ಲಿ ಇವನ್ನು ಬಿಡಿಸಬೇಕಾದರೆ ನಡುವೆ ಒಂದು 'ಕಟ್' ಬೇಕು: ಎಡಗೈಯ ಬೆರಳನ್ನು ಮಿಂಚಿನಂತೆ ಎತ್ತಿ ಇಡುವುದು. ಅದು ಸ್ವರವಲ್ಲ, ಸ್ವರಕ್ಕೆ ಹಾಕಿದ ಚಿವುಟು. ಕೆಳಗಿನ ತೂತಿನ ಮೇಲೆ ಬೆರಳನ್ನು ಬಡಿದು ತೆಗೆದರೆ ಅದು 'ಟ್ಯಾಪ್'. ಕಟ್ ಮತ್ತು ಟ್ಯಾಪ್ ಎರಡನ್ನೂ ಒಂದೇ ಸ್ವರದ ಮೇಲೆ ಜೋಡಿಸಿದರೆ 'ರೋಲ್'. ಉದ್ದ ರೋಲ್ ಮೂರು ಸ್ವರದ ಜಾಗ ತುಂಬುತ್ತದೆ: ಪ, ಕಟ್, ಪ, ಟ್ಯಾಪ್, ಪ. ಹಾಗಾಗಿ 'ಸ ಪ ಪ ಮ' ಎಂಬಲ್ಲಿ ಸ ನುಡಿಸಿ, ಉಳಿದ ಮೂರು ಜಾಗವನ್ನು ಪದ ಮೇಲಿನ ಒಂದು ರೋಲ್‌ಗೆ ಕೊಡಬಹುದು. ಮ ಮಾಯವಾಯಿತು, ಯಾರಿಗೂ ನಷ್ಟವಿಲ್ಲ. ಅದು ನಾಲ್ಕನೆಯ ಜಾಗದ ತೆರಪಿನ ಸ್ವರ. ಈ ರೀಲಿನಲ್ಲಿ ಅತಿ ಹೆಚ್ಚು ಕೇಳಿಬರುವ ಬದಲಾವಣೆಗಳಲ್ಲಿ ಇದೂ ಒಂದು.

ರೋಲ್ ಕೆಡುವ ಬಗೆಗಳನ್ನು ಸ್ವಲ್ಪ ಬಿಡಿಸಿ ನೋಡಬೇಕು, ಏಕೆಂದರೆ ಹೊಸಬರ ರೀಲ್ ಹಾಳಾಗುವುದು ಹೆಚ್ಚಾಗಿ ಇಲ್ಲೇ. ಬರೆದರೆ ಐದು ಸ್ವರ ಕಾಣುತ್ತವೆ, ಆದ್ದರಿಂದ ಐದನ್ನೂ ಸಮವಾಗಿ ನುಡಿಸುತ್ತಾರೆ. ಆಗ ಅದು ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ 'ಟರ್ನ್' ಎಂಬ ಸುಳಿಯಾಗುತ್ತದೆ, ರೋಲ್ ಆಗುವುದಿಲ್ಲ. ಕೇಳಬೇಕಾದ್ದು ಮೂರೇ ಪ, ಮೂರು ಸಮ ದೂರದಲ್ಲಿ. ಕಟ್ ಎರಡನೆಯ ಪದ ನೆತ್ತಿಯ ಮೇಲೆ, ಟ್ಯಾಪ್ ಮೂರನೆಯ ಪದ ನೆತ್ತಿಯ ಮೇಲೆ. ಇನ್ನೊಂದು ತಪ್ಪು, ಕಟ್ ಬೇಗ ಬೀಳುವುದು. ಮೊದಲ ಪ ಗಿಡ್ಡವಾಗಿ ಉಳಿದದ್ದೆಲ್ಲ ಮುದ್ದೆಯಾಗುತ್ತದೆ. ಮೂರನೆಯದು ಅಭ್ಯಾಸದಲ್ಲೇ ಹುಟ್ಟುವ ತಪ್ಪು: ನಿಧಾನಕ್ಕೆ ಕಲಿಯುವಾಗ ಕಟ್ಟನ್ನೂ ನಿಧಾನ ಮಾಡುವುದು. ವೇಗ ಅರ್ಧಕ್ಕೆ ಇಳಿದರೂ ಕಟ್ಟಿನ ಉದ್ದ ಹೆಚ್ಚಬಾರದು, ಹಿಗ್ಗಬೇಕಾದ್ದು ಮೂರು ಪಗಳು ಮಾತ್ರ. ನಿಧಾನದಲ್ಲಿ ಕಟ್ಟಿಗೆ ಸ್ವರದ ರೂಪ ಬಂದುಬಿಟ್ಟರೆ ವೇಗ ಏರಿಸಿದಾಗ ಅದು ಕಾಲಿಗೆ ತೊಡರುತ್ತದೆ.

ಕರ್ನಾಟಕ ಸಂಗೀತದ ಪಿಟೀಲು ಕಲಿತವರಿಗೆ ಇಲ್ಲಿ ಇನ್ನೂ ಒಂದು ತೊಡಕು. ನಮ್ಮ ಬೆರಳು ಜಾರುತ್ತದೆ, ಗಮಕವೆಂದರೆ ಸ್ವರದಿಂದ ಸ್ವರಕ್ಕೆ ಹೋಗುವ ದಾರಿ. ಕಟ್‌ನಲ್ಲಿ ದಾರಿಯೇ ಇಲ್ಲ. 'ಎ' ತಂತಿಯ ಮೇಲೆ ತೋರುಬೆರಳಿನಲ್ಲಿ ಪ ಹಿಡಿದಿದ್ದರೆ ಕಟ್‌ಗೆ ಉಂಗುರದ ಬೆರಳನ್ನು ತಂತಿಗೆ ತಾಗಿಸಿ ತೆಗೆಯಬೇಕು, ಫಿಂಗರ್‌ಬೋರ್ಡಿಗೆ ಒತ್ತಬಾರದು. ಒತ್ತಿದರೆ ನಿ ಕೇಳಿಬಿಡುತ್ತದೆ. ಟ್ಯಾಪ್‌ನ ಜಾಗದಲ್ಲಿ ತೋರುಬೆರಳನ್ನೇ ಒಂದು ಕ್ಷಣ ಎತ್ತಿ ಖಾಲಿ ತಂತಿ ಬಿಡುವುದು. ಇಡೀ ರೋಲ್ ಒಂದೇ ಕಮಾನಿನಲ್ಲಿ.

ಬ್ಯಾಂಜೋಗೆ ರೋಲ್ ಆಗುವುದಿಲ್ಲ, ಸ್ವರ ಅಷ್ಟು ಹೊತ್ತು ನಿಲ್ಲುವುದೇ ಇಲ್ಲ. ಅವರು ಅದೇ ಜಾಗದಲ್ಲಿ ಪ್ಲೆಕ್ಟ್ರಮ್‌ನಿಂದ ಮೂರು ಸಲ ಮೀಟುತ್ತಾರೆ. ಎರಡನೆಯ ಭಾಗದ ಮೊದಲ ಬಾರ್ ನೋಡಿ: ಸ' ಪ ಪಪಪ ಸ' ಪ ಗ' ರಿ'. ಆ 'ಪಪಪ' ಎರಡು ಸ್ವರದ ಜಾಗದಲ್ಲಿ ಮೂರು, ಒಟ್ಟು ಕಾಲು ಸೆಕೆಂಡಿಗೆ ತುಸು ಹೆಚ್ಚು. ಬ್ಯಾಂಜೋದಲ್ಲಿ ಅದು ಬೀದಿ ಬದಿಯ ಪಟಾಕಿ. ಪಿಟೀಲಿನಲ್ಲಿ ಮಣಿಕಟ್ಟಿನಿಂದ ಬರುವ ಮೂರು ಚಿಕ್ಕ ಕಮಾನು, ಅದಕ್ಕೆ 'ಟ್ರೆಬಲ್' ಎನ್ನುತ್ತಾರೆ. ಒಂದೆರಡು ಸೆಂಟಿಮೀಟರ್ ಕಮಾನು ಸಾಕು, ತೋಳು ಅಲುಗಿದರೆ ತಡವಾಗುತ್ತದೆ. ಸ್ವರ ಸ್ಪಷ್ಟ ಕೇಳಬೇಕಾಗಿಯೂ ಇಲ್ಲ, 'ಕರ್ರ್' ಎಂಬ ಕೆರೆತವೇ ಬೇಕಾದ್ದು. ಕೊಳಲುಗಾರರು ಅಲ್ಲಿ ಎರಡು ಜಾಗದ ಗಿಡ್ಡ ರೋಲ್ ಹಾಕುತ್ತಾರೆ. ಹೀಗೆ ಒಂದೇ ಮೇಜಿನ ಸುತ್ತ ಮೂರು ವಾದ್ಯ ಮೂರು ಬೇರೆ ಕೆಲಸ ಮಾಡುತ್ತಿದ್ದರೂ ಕೇಳುವವರಿಗೆ ಒಂದೇ ರೀಲ್.

ಮೂರನೆಯ ಬಾರ್‌ನಲ್ಲಿ ವಾದ್ಯದ ಕಷ್ಟವೇ ಬದಲಾವಣೆ ಹುಟ್ಟಿಸುತ್ತದೆ. ರಿ .ನಿ ಮ .ನಿ ಪ .ನಿ ಮ .ನಿ: ನಾಲ್ಕು ಸಲ ಮಂದ್ರ ನಿ. ಮರದ ಕೊಳಲಿನಲ್ಲಿ ಅದು ಎಲ್ಲಕ್ಕಿಂತ ಕೆಳಗಿನ ಸ್ವರ, ಆರೂ ತೂತು ಮುಚ್ಚಬೇಕು. ಯಾವುದೋ ಒಂದು ಬೆರಳು ಕೂದಲೆಳೆಯಷ್ಟು ಸರಿದರೂ ಸ್ವರ ಒಡೆಯುತ್ತದೆ. ಟಿನ್ ವಿಸಿಲ್‌ನಲ್ಲಿ ಉಸಿರು ಜೋರಾದರೆ ಮೇಲಿನ ಸ್ಥಾಯಿಗೆ ಹಾರುತ್ತದೆ. ಆದ್ದರಿಂದ ಎಷ್ಟೋ ಕೊಳಲುಗಾರರು ಆ ನಿಗಳ ಬದಲು ರಿ ಇಡುತ್ತಾರೆ:

ರಿ , ಮ ರಿ ಪ ರಿ ಮ ರಿ

ಕಂಬಗಳಲ್ಲಿ ಅದೇ ರಿ, ಅದೇ ಪ. ಅರೆ ಕಂಬಗಳಲ್ಲಿ ಅದೇ ಮ. ತೆರಪುಗಳು ಮಾತ್ರ ಬದಲಾದವು. ಪಿಟೀಲಿನಲ್ಲಿ ಮೂಲ ರೂಪವೇ ಸುಖ. ಆ ನಿ ಖಾಲಿ 'ಡಿ' ತಂತಿ, ಕಮಾನು ಎರಡು ತಂತಿಗಳ ನಡುವೆ ತೂಗಿದರೆ ಸಾಕು. ತೂಗುವಾಗ ಎರಡೂ ತಂತಿ ಒಟ್ಟಿಗೆ ತಾಗಿ ಒಂದು ಗುಂಯ್ ಎದ್ದರೆ ಅದನ್ನು ತಪ್ಪೆನ್ನುವವರಿಲ್ಲ, ಬೇಕೆಂದೇ ಮಾಡುವವರಿದ್ದಾರೆ. ಇಲ್ಲಿನ್ ಪೈಪ್, ಅಂದರೆ ಐರಿಷ್ ಬ್ಯಾಗ್‌ಪೈಪ್, ನುಡಿಸುವವರಿಗೆ ಕೆಳಗಿನ ಆ ಸ್ವರದ ಮೇಲೆ ಟ್ಯಾಪ್ ಮಾಡಲು ತೂತೇ ಉಳಿದಿರುವುದಿಲ್ಲ, ಅದಕ್ಕೇ ಬೇರೆ ಬೇರೆ ಬೆರಳಿನ ಕಟ್‌ಗಳನ್ನು ಸಾಲಾಗಿ ಹಾಕುತ್ತಾರೆ. ಅದರ ಹೆಸರು 'ಕ್ರ್ಯಾನ್'. ಕೊಳಲುಗಾರರು ಅದನ್ನು ಪೈಪಿನಿಂದಲೇ ಎತ್ತಿಕೊಂಡರು.

ಉಸಿರಿನದು ಇನ್ನೊಂದು ಕತೆ. 256 ಜಾಗದಲ್ಲಿ ಎಲ್ಲೂ ವಿರಾಮ ಬರೆದಿಲ್ಲ, ಕೊಳಲುಗಾರ ಉಸಿರೆಳೆಯುವುದು ಎಲ್ಲಿ? ಸ್ವರವನ್ನು ಬಿಟ್ಟು. ಮೊದಲ ಬಾರ್‌ನ 'ಪ ,' ಎಂಬಲ್ಲಿ ಎಳೆತವನ್ನು ಕತ್ತರಿಸಿ ಆ ಜಾಗದಲ್ಲಿ ಉಸಿರು. ಅಥವಾ ನಾಲ್ಕನೆಯ ಜಾಗದ ಮ ಬಿಟ್ಟು. ಕಂಬದ ಸ್ವರ ಬಿಡುವಂತಿಲ್ಲ. ಪ್ರತಿ ನಾಲ್ಕು ಬಾರ್‌ನ ಕೊನೆಗೆ ಸರಿಯಾಗಿ ಉಸಿರೆಳೆಯುವುದು ಹೊಸಬರ ಅಭ್ಯಾಸ. ಆಗ ರೀಲ್ ಪದ್ಯ ಓದಿದ ಹಾಗೆ ತುಂಡು ತುಂಡಾಗುತ್ತದೆ. ಸುತ್ತಿನಿಂದ ಸುತ್ತಿಗೆ ಉಸಿರಿನ ಜಾಗ ಬದಲಿಸಿದರೆ ಅದೇ ಒಂದು ಬದಲಾವಣೆ, ಯಾವ ಬೆರಳೂ ಹೆಚ್ಚು ಕೆಲಸ ಮಾಡದೆ.

ಈಗ ಏಳು, ಎಂಟನೆಯ ಬಾರ್. ಕೂಲೀಸ್‌ನ ಎರಡೂ ಭಾಗಗಳಿಗೆ ಮುಕ್ತಾಯ ಇದೊಂದೇ: ಮ' ರಿ' ಸ' ಧ ನಿ ಪ ಮ ರಿ | .ನಿ ಸ ರಿ .ನಿ ಸ. ಸುತ್ತಿಗೆ ನಾಲ್ಕು ಸಲ, ಮೂರು ಸುತ್ತಿಗೆ ಹನ್ನೆರಡು ಸಲ. ಹನ್ನೆರಡೂ ಒಂದೇ ತರಹ ನುಡಿಸಿದರೆ ಕೇಳುವವರಿಗಿಂತ ಮೊದಲು ನುಡಿಸುವವರಿಗೆ ಬೇಸರ. ಆದರೆ ಗುಂಪಿನಲ್ಲಿ ಎಲ್ಲರೂ ಒಟ್ಟಿಗೆ ಬಂದು ಇಳಿಯುವ ಜಾಗವೂ ಇದೇ ಆದ್ದರಿಂದ ಇಲ್ಲಿ ಕೈ ಹಗುರವಾಗಿರಬೇಕು. ಮ'ದಿಂದ ರಿ'ಗೆ ಹಾರುವಲ್ಲಿ ನಡುವಿನ ಗ' ಸೇರಿಸಿ ಎರಡು ಜಾಗದಲ್ಲಿ ಮೂರು ಸ್ವರ ಮಾಡಬಹುದು: ಮ'ಗ'ರಿ' ಸ' ಧ. ಎರಡು ಸ್ವರಗಳ ನಡುವೆ ಒಂದು ಬಿಟ್ಟುಹೋಗಿದ್ದಲ್ಲೆಲ್ಲ ಈ ತುಂಬುವಿಕೆ ನಡೆಯುತ್ತದೆ. ಕೊನೆಯ ಸವನ್ನು ಒಮ್ಮೆ ಎಳೆಯಬಹುದು, ಒಮ್ಮೆ ಅದರ ಮೇಲೆ ರೋಲ್ ಹಾಕಬಹುದು. ಎಂಟನೆಯ ಬಾರ್‌ನ ನಿ–ಸ–ರಿ–ನಿ ಕೆಡಿಸುವವರು ಕಡಿಮೆ, ಕೆಡಿಸದಿದ್ದರೆ ಒಳ್ಳೆಯದು.

ಬಾರ್‌ನ ಕೊನೆಯ ಸ್ವರ ಬದಲಿಸುವಾಗ ಒಂದು ಎಚ್ಚರ. ಎರಡನೆಯ ಬಾರ್ 'ಮ ಗ' ಎಂದು ಮುಗಿದು ಮುಂದಿನದು ರಿಯಿಂದ ಶುರು. ಇಲ್ಲಿ ಗವನ್ನು ರಿ ಮಾಡಿದರೆ ಗೆರೆಯ ಆಚೀಚೆ ಎರಡು ರಿ ಸೇರಿ ಒಂದು ಉದ್ದ ಸ್ವರದಂತೆ ಕೇಳುತ್ತದೆ, ಕಂಬದ ಪೆಟ್ಟು ಮಂಕಾಗುತ್ತದೆ. ಮಾಡಲೇಬೇಕೆಂದಿದ್ದರೆ ಎರಡನೆಯ ರಿಗೆ ಕಟ್ ಕಡ್ಡಾಯ.

ಇಷ್ಟು ಬೆರಳಿನ ಮಾತು. ಪಿಟೀಲಿನಲ್ಲಿ ಅರ್ಧ ಬದಲಾವಣೆ ಬಲಗೈಯಲ್ಲಿದೆ, ಅದು ಸ್ವರಲಿಪಿಯಲ್ಲಿ ಕಾಣುವುದೇ ಇಲ್ಲ. ಡಾನೆಗಾಲ್‌ನಲ್ಲಿ ಸ್ವರಕ್ಕೊಂದು ಕಮಾನು, ಟ್ರೆಬಲ್‌ಗಳ ಸುರಿಮಳೆ, ರೋಲ್ ಕಡಿಮೆ. ಕೂಲಿ ಕೆಲಸಕ್ಕೆ ಸ್ಕಾಟ್ಲೆಂಡಿಗೆ ಹೋಗಿ ಬರುತ್ತಿದ್ದ ಸೀಮೆ ಅದು, ಅಲ್ಲಿನ ಕಮಾನು ಇಲ್ಲಿಗೂ ಬಂತು. ಆ ಸೀಮೆಯ ಪಿಟೀಲುಗಾರ ಜಾನ್ ಡೊಹರ್ಟಿ (1980ರಲ್ಲಿ ತೀರಿಕೊಂಡರು) ಅವರ ಧ್ವನಿಮುದ್ರಣ ಕೇಳಿದರೆ ಈ ಹರಿತ ಗೊತ್ತಾಗುತ್ತದೆ. ಸ್ಲೈಗೋದಲ್ಲಿ ಎರಡು ಮೂರು ಸ್ವರ ಒಂದೇ ಕಮಾನಿನಲ್ಲಿ ಕಟ್ಟುತ್ತಾರೆ, ಅದರಲ್ಲೂ ತೆರಪಿನ ಸ್ವರವನ್ನು ಮುಂದಿನ ಕಂಬಕ್ಕೆ ಸೇರಿಸಿ. ಹಾಗಾಗಿ ಒತ್ತು ಬಾರ್ ಗೆರೆ ದಾಟಿ ಹರಿಯುತ್ತದೆ. ಪೂರ್ವ ಕ್ಲೇರ್‌ನಲ್ಲಿ ವೇಗವೇ ಕಡಿಮೆ. ಅಲ್ಲಿನ ಪಿಟೀಲುಗಾರ ಮಾರ್ಟಿನ್ ಹೇಸ್ ನಿಧಾನಗತಿಯ ರೀಲಿನಲ್ಲಿ ಒಂದು ಸ್ವರವನ್ನು ಬಿಟ್ಟು ಮೌನ ಇಡುವುದನ್ನೂ ಬದಲಾವಣೆಯಾಗಿ ಬಳಸುತ್ತಾರೆ. ಮೂರು ಸೀಮೆಯವರ ಕೂಲೀಸ್ ಬರೆದಿಟ್ಟರೆ ಸ್ವರ ಬಹುಪಾಲು ಒಂದೇ ಬಂದೀತು, ಕೇಳಿದರೆ ಮೂರು.

ಹಾಗಾದರೆ 'ಮೂಲ' ರೂಪ ಯಾವುದು? ಪುಸ್ತಕಗಳಿವೆ. ಷಿಕಾಗೋದ ಪೊಲೀಸ್ ಮುಖ್ಯಸ್ಥರಾಗಿದ್ದ ಫ್ರಾನ್ಸಿಸ್ ಓನೀಲ್ 1903ರಲ್ಲಿ 1,850 ಐರಿಷ್ ಧಾಟಿಗಳನ್ನು, 1907ರಲ್ಲಿ 1,001 ಕುಣಿತದ ಧಾಟಿಗಳನ್ನು ಅಚ್ಚು ಹಾಕಿಸಿದರು. 1963ರಲ್ಲಿ ಬ್ರೆಂಡಾನ್ ಬ್ರಾನಖ್ ಅವರ ಸಂಗ್ರಹದ ಮೊದಲ ಸಂಪುಟ ಬಂತು. ಇವು ಅಮೂಲ್ಯ, ಆದರೆ ಪುಟದ ಮೇಲಿರುವುದು ಯಾರೋ ಒಬ್ಬರು ಯಾವುದೋ ಒಂದು ದಿನ ನುಡಿಸಿದ ಒಂದು ಸುತ್ತು. ಅದನ್ನೇ ಸರಿಯೆಂದು ಹಿಡಿದು ಉಳಿದದ್ದನ್ನು ತಿದ್ದಲು ಹೊರಡುವುದು ತಮಾಷೆ.

ಗ್ರಾಮಫೋನ್ ಇನ್ನೂ ದೊಡ್ಡ ಕೆಲಸ ಮಾಡಿತು. ಸ್ಲೈಗೋದ ಪಿಟೀಲುಗಾರ ಮೈಕಲ್ ಕೋಲ್ಮನ್ (1891–1945) 1914ರಲ್ಲಿ ಅಮೆರಿಕಕ್ಕೆ ಹೋಗಿ 1921ರಿಂದ ನ್ಯೂಯಾರ್ಕಿನಲ್ಲಿ ರೆಕಾರ್ಡ್ ಕೊಡತೊಡಗಿದರು. ಒಂದು ಮಗ್ಗುಲಿಗೆ ಮೂರು ನಿಮಿಷ, ಅಂದರೆ ಐದು ಸುತ್ತು ಹಿಡಿಸುವಷ್ಟು. ಅವರು ಆ ಹೊತ್ತಿಗೆ ಹೊಳೆಸಿದ ಬದಲಾವಣೆಗಳು ತವರಿಗೆ ತಲುಪಿ, ಊರೂರಲ್ಲಿ ಸ್ವರಕ್ಕೆ ಸ್ವರ ಕಂಠಪಾಠವಾದವು. ಲಾರ್ಡ್ ಗಾರ್ಡನ್ಸ್ ಎಂಬ ರೀಲಿಗೆ ಅವರು ಕಟ್ಟಿದ ರೂಪಗಳನ್ನು ಈಗ ಆ ರೀಲಿನ ಭಾಗಗಳೆಂದೇ ಕಲಿಸುತ್ತಾರೆ. ಬದಲಾವಣೆಯೇ ಗಟ್ಟಿಯಾಗಿ ಧಾಟಿಯಾಯಿತು. ಕೋಲ್ಮನ್‌ರನ್ನು ಹಾಗೇ ನಕಲು ಮಾಡುವವರು ಅವರು ಮಾಡಿದ್ದರ ತದ್ವಿರುದ್ಧ ಮಾಡುತ್ತಿದ್ದಾರೆ ಎಂದರೆ ತಪ್ಪಾಗದು.

ನಮ್ಮ ಕೃತಿಗಳ ಸಂಗತಿಗಳ ನೆನಪು ಬರುವುದು ಸಹಜ. ಆದರೆ ಸಂಗತಿಗೆ ಕ್ರಮವಿದೆ: ಸರಳದಿಂದ ಜಟಿಲಕ್ಕೆ ಮೆಟ್ಟಿಲೇರುತ್ತದೆ, ಪಾಠದಲ್ಲೇ ಬರುತ್ತದೆ. ರೀಲಿನಲ್ಲಿ ಏರಿಕೆ ಇಲ್ಲ. ಮೂರನೆಯ ಸುತ್ತು ಮೊದಲನೆಯದಕ್ಕಿಂತ ಬೋಳಾಗಿರಬಹುದು, ಎಷ್ಟೋ ಸಲ ಹಾಗೇ ಇರುತ್ತದೆ.

ಮಿತಿ ದಾಟಿದವರೂ ಇದ್ದಾರೆ. ಡಬ್ಲಿನ್‌ನ ಪಿಟೀಲುಗಾರ ಟಾಮಿ ಪಾಟ್ಸ್ (1912–1988) ಕಂಬಗಳನ್ನೇ ಸರಿಸಿದರು, ಎಂಟು ಬಾರ್‌ನ ಅಳತೆಯನ್ನೇ ಮುರಿದರು. 1972ರಲ್ಲಿ ಬಂದ ಅವರ ರೆಕಾರ್ಡಿಗೆ ಕಾಲು ತಟ್ಟಲು ಹೋದರೆ ಎಡವುತ್ತೀರಿ. ಕೂತು ಕೇಳಬೇಕಾದ ಸಂಗೀತ ಅದು. ಅವರ ಬೆರಳನ್ನು ಅನುಕರಿಸಿ ಸೆಷನ್‌ನಲ್ಲಿ ನುಡಿಸಿದರೆ ಪಕ್ಕದವರಿಗೆ ತೊಂದರೆ ಖಚಿತ.

ಗುಂಪಿನಲ್ಲಿ ಯಾವುದು ಘರ್ಷಣೆ, ಯಾವುದು ಅಲ್ಲ ಎಂಬುದನ್ನೂ ಹೇಳಬೇಕು. ಒಬ್ಬರು ರೋಲ್, ಒಬ್ಬರು ಟ್ರೆಬಲ್: ತೊಂದರೆಯಿಲ್ಲ. ಒಬ್ಬರು ಮಂದ್ರ ನಿ, ಒಬ್ಬರು ರಿ: ಇನ್ನೂ ಚೆಂದ. ಆದರೆ ಕಂಬದ ಮೇಲೆ ಇಬ್ಬರು ಅಕ್ಕಪಕ್ಕದ ಸ್ವರ ಹಿಡಿದರೆ ಕಿವಿ ಚುಚ್ಚುತ್ತದೆ. ಇದು ಹೆಚ್ಚಾಗಿ ಆಗುವುದು 'ಸಿ' ಸ್ವರದಲ್ಲಿ. ರೇಕಿಶ್ ಪ್ಯಾಡಿ ಎಂಬ ರೀಲನ್ನು ತೆಗೆದುಕೊಳ್ಳಿ. 'ಡಿ'ಯನ್ನು ಸ ಎಂದಿಟ್ಟುಕೊಂಡರೆ ಪ್ರಶ್ನೆ ನಿಷಾದದ್ದು: ಕೈಶಿಕಿಯೋ ಕಾಕಲಿಯೋ? ಪೈಪಿನವರ ನಿ ಎರಡರ ನಡುವೆ ಎಲ್ಲೋ ನಿಲ್ಲುತ್ತದೆ. ಪಿಟೀಲುಗಾರರು ಬೆರಳನ್ನು ಕೆಳಗಿಂದ ಜಾರಿಸಿ ಅಲ್ಲಿಗೆ ತಲುಪುತ್ತಾರೆ. ಇಲ್ಲಿ ಮಾತ್ರ ನಮ್ಮ ಬೆರಳಿನ ಅಭ್ಯಾಸ ಉಪಯೋಗಕ್ಕೆ ಬರುತ್ತದೆ. ಅಕಾರ್ಡಿಯನ್‌ಗೆ ಆ ನಡುವಿನ ಜಾಗವೇ ಇಲ್ಲ, ಎರಡರಲ್ಲಿ ಒಂದು ಗುಂಡಿ ಒತ್ತಲೇಬೇಕು. ಆದ್ದರಿಂದ ಅಕಾರ್ಡಿಯನ್ ಪಕ್ಕದಲ್ಲಿ ಕೂತಿದ್ದರೆ ಮೊದಲ ಸುತ್ತಿನಲ್ಲಿ ಅವರು ಯಾವ ಗುಂಡಿ ಒತ್ತಿದರು ಎಂದು ಕೇಳಿಸಿಕೊಂಡು ಅದನ್ನೇ ಹಿಡಿಯುವುದು ಜಾಣತನ.

ಅಭ್ಯಾಸಕ್ಕೆ ಒಂದು ದಾರಿ. ಇಡೀ ರೀಲಿಗೆ ಬದಲಾವಣೆ ಹುಡುಕಬೇಡಿ. ಮೊದಲ ಬಾರ್ ಒಂದನ್ನೇ ಹಿಡಿದು ಮೂರು ರೂಪ ಮಾಡಿಕೊಳ್ಳಿ: ಬರೆದಂತೆ ಒಂದು, ರೋಲ್ ಇರುವುದು ಒಂದು, ಮ ಬಿಟ್ಟದ್ದು ಒಂದು. ನಿಮಿಷಕ್ಕೆ 60 ತಟ್ಟಿನಲ್ಲಿ ಮೂರನ್ನೂ ಅದಲು ಬದಲು ಮಾಡಿ ನುಡಿಸಿ. ಯಾವುದು ಬರುತ್ತದೆಂದು ಮೊದಲೇ ನಿರ್ಧರಿಸಬೇಡಿ. ಆ ಬಾರ್ ಸುತ್ತಿಗೆ ನಾಲ್ಕು ಸಲ ಬರುತ್ತದೆ, ಮೂರು ರೂಪ ಧಾರಾಳ. ಅದು ಕೈಗೆ ಹತ್ತಿದ ಮೇಲೆ ಮೂರನೆಯ ಬಾರ್, ಆಮೇಲೆ ಏಳನೆಯದು. ಒಂದೇ ಬಾರ್‌ನಲ್ಲಿ ಒಂದನೆಯ ಮತ್ತು ಐದನೆಯ ಜಾಗ ಎರಡನ್ನೂ ಬದಲಿಸಬೇಡಿ. ಮೊದಲ ಸುತ್ತನ್ನು ಆದಷ್ಟು ಸಾದಾ ಇಡಿ, ಪಕ್ಕದವರು ನಿಮ್ಮ ರೂಪ ಯಾವುದೆಂದು ತಿಳಿದುಕೊಳ್ಳಲು ಅವರಿಗಿರುವುದು ಆ 35 ಸೆಕೆಂಡು ಮಾತ್ರ. ಧ್ವನಿಮುದ್ರಿಸಿ ಕೇಳಿ. ಪ್ರತಿ ಬಾರ್‌ನಲ್ಲೂ ರೋಲ್ ಇದ್ದರೆ ಅರ್ಧ ತೆಗೆಯಿರಿ, ಉಳಿದ ಅರ್ಧ ಆಗ ಕೇಳುತ್ತದೆ.

ಮೂರನೆಯ ಸುತ್ತಿನ ಕೊನೆಯ ಬಾರ್‌ಗೆ ಮಾತ್ರ ಬೇರೆ ಕೆಲಸವಿದೆ. ಸೆಷನ್‌ನಲ್ಲಿ ರೀಲ್ ಅಲ್ಲಿ ನಿಲ್ಲುವುದಿಲ್ಲ, ಸವನ್ನು ಎರಡು ಜಾಗ ಎಳೆದು ಉಳಿದ ಎರಡರಲ್ಲಿ ಮುಂದಿನ ರೀಲಿನ ಎತ್ತುಗಡೆ ಬರಬೇಕು. ಅಲ್ಲಿ ರೋಲ್ ಹಾಕಿ ಸವನ್ನು ತುಂಬಿಸಿಬಿಟ್ಟರೆ ಎತ್ತುಗಡೆ ಮುಚ್ಚಿಹೋಗುತ್ತದೆ, ಮೇಜಿನ ಸುತ್ತ ಅರ್ಧ ಜನ ಹಳೆಯ ರೀಲಿಗೆ ನಾಲ್ಕನೆಯ ಸುತ್ತು ಶುರು ಮಾಡಿರುತ್ತಾರೆ. ಅಲ್ಲಿ ಸವನ್ನು ಬೋಳಾಗಿಯೇ ನುಡಿಸಿ, ತಲೆ ಎತ್ತಿ ಗಿಟಾರಿನವರ ಕಡೆ ಒಮ್ಮೆ ನೋಡಿ. ಅವರಿಗೂ ಹೊಸ ಶ್ರುತಿಗೆ ಕೈ ಸರಿಸಲು ಸಿಗುವುದು ಆ ಅರ್ಧ ಬಾರ್ ಅಷ್ಟೆ.